ಊರಿನ ಮನೆಯ ಬ್ರಾಡ್‌ಬ್ಯಾಂಡ್, ಪರದೇಶದಲ್ಲಿ ಕೈಸೇರುವ ಬಿಲ್ಲು

ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯ ಇಂಟರ್‌ನೆಟ್ ಬಿಲ್ಲಿನ ಬಗ್ಗೆ ಈ ಬಾರಿ ಬಂದ ಪತ್ರಗಳಲ್ಲಿ ಮೂರನ್ನು ಆರಿಸಿಕೊಂಡಿದ್ದೇನೆ. ಮೂರೂ ಮಲೆನಾಡಿನ ಮನೆಗಳಿಗೆ ಸಂಬಂಧಿಸಿದವು, ಮೂರರಲ್ಲೂ ಮನೆಯ ಒಬ್ಬರು ಕಡಲಾಚೆ ಇದ್ದಾರೆ ಇಲ್ಲವೇ ಹೊರಟಿದ್ದಾರೆ. ಮೊದಲ ಪತ್ರದಲ್ಲಿ ಎತ್ತಿರುವ ತೊಡಕುಗಳು ಬಹಳ ಮನೆಗಳಲ್ಲಿ ಇರುವಂಥವಾದ್ದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವನು, ಮೂರು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇನೆ. ಊರಿನ ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ ಇದ್ದಾರೆ. ಕಳೆದ ವರ್ಷ ಆಗಸ್ಟ್ 20ರಂದು ಮನೆಗೆ ಫೈಬರ್ ಹಾಕಿಸಿದೆ. ತಿಂಗಳಿಗೆ 499 ರೂಪಾಯಿ ಎಂದು ಹೇಳಿದ್ದರು, ಆದರೆ ಮೊದಲ ಬಿಲ್ಲು 816 ರೂಪಾಯಿ 75 ಪೈಸೆ ಬಂತು, ಆಮೇಲಿನ ಪ್ರತಿ ಬಿಲ್ಲೂ 588 ರೂಪಾಯಿ 82 ಪೈಸೆ ಬರುತ್ತಿದೆ. ಈ ಸಲದ ಮಳೆಗಾಲದಲ್ಲಿ 17 ದಿನ ನೆಟ್ ಇರಲಿಲ್ಲ, ಆ ತಿಂಗಳೂ ಪೂರ್ತಿ ಬಿಲ್ಲೇ ಬಂತು. ಕೇಬಲ್ ಜೋಡಿಸಲು ಬಂದ ಹುಡುಗ ಅಪ್ಪನಿಂದ 1,200 ರೂಪಾಯಿ ತೆಗೆದುಕೊಂಡು ಹೋದ. ಇದೆಲ್ಲ ಮೋಸ, ಸಂಪರ್ಕವನ್ನೇ ತೆಗೆಸಿಬಿಡು ಎಂದು ಅಪ್ಪ ಹೇಳುತ್ತಿದ್ದಾರೆ. ಇಲ್ಲಿ ನನ್ನ ಮನೆಯ ಬಿಲ್ಲು ಸಹ, 24 ತಿಂಗಳ ಕರಾರು ಇದ್ದರೂ, ಏಪ್ರಿಲ್‌ನಿಂದ 3 ಪೌಂಡ್ ಏರಿದೆ. ಇವುಗಳಲ್ಲಿ ಯಾವುದು ಸರಿ, ಯಾವುದನ್ನು ಕೇಳಿ ವಾಪಸು ಪಡೆಯಬಹುದು?

ಉತ್ತರ: 588 ರೂಪಾಯಿ 82 ಪೈಸೆಯಲ್ಲಿ ಮೋಸವಿಲ್ಲ ಎಂಬುದನ್ನು ಮೊದಲು ನಿಮ್ಮ ತಂದೆಯವರಿಗೆ ತಿಳಿಸಿ. ಹಾಗೆಂದು ಅವರ ಅನುಮಾನವನ್ನು ತಳ್ಳಿಹಾಕಬೇಡಿ, ಅದಕ್ಕೆ ಕಾರಣವಿದೆ. ಮೊಬೈಲಿಗೆ 299 ರೂಪಾಯಿಯ ರೀಚಾರ್ಜ್ ಮಾಡಿಸಿದರೆ ಅಂಗಡಿಯವರು 299 ರೂಪಾಯಿಯನ್ನೇ ತೆಗೆದುಕೊಳ್ಳುತ್ತಾರೆ, ಏಕೆಂದರೆ ಪ್ರೀಪೇಯ್ಡ್ ಮೊಬೈಲಿನ ದರದೊಳಗೆ ತೆರಿಗೆ ಸೇರಿಕೊಂಡೇ ಇರುತ್ತದೆ. ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ರೂಢಿ ಬೇರೆ: ಜಾಹೀರಾತಿನಲ್ಲಿ ಕಾಣುವ 499 ಬರಿಯ ಬಾಡಿಗೆ, ಅದರ ಮೇಲೆ ಶೇಕಡ 18ರ ಜಿಎಸ್‌ಟಿ ಬೀಳುತ್ತದೆ. ನಿಮ್ಮ ಬಿಲ್ಲಿನಲ್ಲಿ ಕೇಂದ್ರದ ಪಾಲು 44 ರೂಪಾಯಿ 91 ಪೈಸೆ, ರಾಜ್ಯದ ಪಾಲು 44 ರೂಪಾಯಿ 91 ಪೈಸೆ ಎಂದು ಎರಡು ಸಾಲುಗಳಿರಬೇಕು. ಕೂಡಿಸಿದರೆ 89 ರೂಪಾಯಿ 82 ಪೈಸೆ ಆಗುತ್ತದೆ. 2017ರ ಜುಲೈ 1ಕ್ಕೆ ಮೊದಲು ಇದೇ ಜಾಗದಲ್ಲಿ ಶೇಕಡ 15ರ ಸೇವಾ ತೆರಿಗೆ ಇತ್ತು. ನೀವಿರುವ ಇಂಗ್ಲೆಂಡಿನಲ್ಲಿ ಮನೆಬಳಕೆಯವರಿಗೆ ದರ ಹೇಳುವಾಗ ಶೇಕಡ 20ರ ವ್ಯಾಟ್ ಸೇರಿಸಿಯೇ ಹೇಳುವುದರಿಂದ ನಿಮಗೂ ಈ ವ್ಯತ್ಯಾಸ ಮೊದಲಿಗೆ ಹೊಳೆದಿರಲಿಕ್ಕಿಲ್ಲ. ಊರಿನಲ್ಲಿ ಯಾರಾದರೂ ಫೈಬರ್ ದರ ಹೇಳಿದಾಗ “ತೆರಿಗೆ ಸೇರಿ ಎಷ್ಟು?” ಎಂದು ಕೇಳುವ ಅಭ್ಯಾಸವನ್ನು ತಂದೆಯವರಿಗೆ ಮಾಡಿಸಿದರೆ ಈ ಬೇಸರದಲ್ಲಿ ಅರ್ಧ ಕಡಿಮೆಯಾಗುತ್ತದೆ.

ಮೊದಲ ಬಿಲ್ಲಿನ ಲೆಕ್ಕವೂ ಕೂಡಿಬರುತ್ತದೆ. ಕೆಲವು ಕಂಪನಿಗಳು ಬಾಡಿಗೆಯನ್ನು ಮುಂಗಡವಾಗಿ ವಸೂಲಿ ಮಾಡುತ್ತವೆ. ಆಗಸ್ಟ್ 20ರಿಂದ 31ರವರೆಗೆ 12 ದಿನ. 499ನ್ನು 31ರಿಂದ ಭಾಗಿಸಿ 12ರಿಂದ ಗುಣಿಸಿದರೆ 193 ರೂಪಾಯಿ 16 ಪೈಸೆ. ಅದಕ್ಕೆ ಸೆಪ್ಟೆಂಬರಿನ ಪೂರ್ತಿ ಬಾಡಿಗೆ 499 ಕೂಡಿಸಿ, ಮೊತ್ತದ ಮೇಲೆ ಶೇಕಡ 18 ಹಾಕಿದರೆ ಸರಿಯಾಗಿ 816 ರೂಪಾಯಿ 75 ಪೈಸೆ ಆಗುತ್ತದೆ. ಎಂದರೆ ಅಲ್ಲಿ ಜೋಡಣೆಯ ಶುಲ್ಕವನ್ನಾಗಲಿ ಉಪಕರಣದ ಬಾಡಿಗೆಯನ್ನಾಗಲಿ ಸೇರಿಸಿಲ್ಲ. ಮುಂಗಡ ಪದ್ಧತಿಯಾದ್ದರಿಂದ, ಮುಂದೆ ಎಂದಾದರೂ ಸಂಪರ್ಕ ತೆಗೆಸಿದಾಗ ಬಳಸದ ದಿನಗಳ ಹಣ ನಿಮಗೆ ವಾಪಸು ಬರಬೇಕಾಗುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಿ.

ಇನ್ನು 17 ದಿನದ ಮಾತು. ನನಗೆ ನಿಜವಾಗಿ ಸಂಕಟವಾದದ್ದು ಇಲ್ಲಿ, ಏಕೆಂದರೆ ಈ ಹಣವನ್ನು ನೀವು ಕೇಳಿ ಪಡೆಯಬಹುದಿತ್ತು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೆಟ್ ಹೋದದ್ದು ಅಮ್ಮನಿಗೆ ಗೊತ್ತು, ಬಿಲ್ಲು ಬಂದದ್ದು ನಿಮಗೆ ಗೊತ್ತು. ಕಂಪನಿಯಲ್ಲಿ ದೂರು ದಾಖಲಾದ ಬಗ್ಗೆ ಒಂದು ಮಾತೂ ಪತ್ರದಲ್ಲಿಲ್ಲ. ಬಹುಶಃ ತಂದೆಯವರು ಕೇಬಲ್ ಹುಡುಗನಿಗೆ ನಾಲ್ಕಾರು ಸಲ ಫೋನ್ ಮಾಡಿದ್ದಾರೆ, ಅವನು “ಮಳೆ ನಿಲ್ಲಲಿ, ಬರ್ತೀನಿ” ಎಂದಿದ್ದಾನೆ, ಅಷ್ಟಕ್ಕೇ ನಿಂತಿದೆ. ದುಡ್ಡು ಕಟ್ಟುವವರಿಗೆ ಮನೆಯೊಳಗಿನ ಪೆಟ್ಟಿಗೆ ಕಾಣುವುದಿಲ್ಲ, ಪೆಟ್ಟಿಗೆಯ ಎದುರು ಕೂತವರಿಗೆ ಬಿಲ್ಲು ಕಾಣುವುದಿಲ್ಲ. ಪರದೇಶದಿಂದ ಊರಿನ ಸಂಪರ್ಕ ನಡೆಸುವ ಹೆಚ್ಚಿನ ಮನೆಗಳಲ್ಲಿ ಹಣ ಸೋರಿಹೋಗುವುದು ಈ ಸಂದಿಯಲ್ಲೇ.

ಆದ್ದರಿಂದ ಪೆಟ್ಟಿಗೆಯ ದೀಪಗಳನ್ನು ಓದುವುದನ್ನು ತಾಯಿಯವರಿಗೆ ಒಮ್ಮೆ ಕಲಿಸಿಕೊಡಿ. ಗೋಡೆಗೆ ತಗುಲಿಸಿದ ಆ ಬಿಳಿ ಪೆಟ್ಟಿಗೆಯ ಮೇಲೆ ಪವರ್, ಪಾನ್, ಲಾಸ್ ಎಂದು ಸಣ್ಣ ಅಕ್ಷರದ ಗುರುತುಗಳಿರುತ್ತವೆ. ಲಾಸ್ ಎಂಬಲ್ಲಿ ಕೆಂಪು ದೀಪ ಮಿಣುಕುತ್ತಿದ್ದರೆ ಹೊರಗಿನಿಂದ ಬೆಳಕು ಮನೆಯವರೆಗೆ ಬರುತ್ತಿಲ್ಲ, ಕೇಬಲ್ ಎಲ್ಲೋ ತುಂಡಾಗಿದೆ ಅಥವಾ ಮಡಿಸಿಕೊಂಡಿದೆ ಎಂದರ್ಥ. ಪಾನ್ ಎಂಬಲ್ಲಿ ಹಸಿರು ದೀಪ ಅಲುಗದೆ ಉರಿಯುತ್ತಿದ್ದು, ಆದರೂ ನೆಟ್ ಬರದಿದ್ದರೆ ಕೇಬಲ್ ಸರಿಯಾಗಿದೆ. ಬಿಲ್ಲು ಬಾಕಿಯಾಗಿ ಕಂಪನಿಯವರು ತಡೆಹಿಡಿದಿರಬಹುದು, ಇಲ್ಲವೇ ವೈಫೈಯಲ್ಲಿ ತೊಂದರೆ ಇರಬಹುದು. ಯಾವ ದೀಪವೂ ಇಲ್ಲದಿದ್ದರೆ ಕರೆಂಟು ಅಥವಾ ಅಡಾಪ್ಟರ್ ನೋಡಬೇಕು. “ನೆಟ್ ಇಲ್ಲ ಮಗಾ” ಎಂಬ ಮಾತಿನ ಬದಲು “ಕೆಂಪು ದೀಪ ಮಿಣುಕ್ತಾ ಇದೆ” ಎಂದು ಅವರು ಮೊಬೈಲಿನಲ್ಲಿ ಹೇಳಿದರೆ, ಇಂಗ್ಲೆಂಡಿನಲ್ಲಿ ಕುಳಿತ ನಿಮಗೆ ಇದು ಲೈನಿನ ತೊಂದರೆಯೋ ಬಿಲ್ಲಿನ ತೊಂದರೆಯೋ ಎಂಬುದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಆ ಪೆಟ್ಟಿಗೆಯ ಒಂದು ಫೋಟೋ ತರಿಸಿಕೊಂಡು ನಿಮ್ಮ ಫೋನಿನಲ್ಲೂ ಇಟ್ಟುಕೊಳ್ಳಿ.

ಕೆಂಪು ದೀಪ ಕಂಡ ದಿನವೇ ಕಂಪನಿಯ ಗ್ರಾಹಕ ಸೇವಾ ಸಂಖ್ಯೆಗೆ ದೂರು ಕೊಟ್ಟು, ದೂರಿನ ಸಂಖ್ಯೆಯನ್ನು ಎಸ್‌ಎಂಎಸ್ ಮೂಲಕ ಪಡೆಯಬೇಕು. ಊರಿನ ಹುಡುಗನಿಗೆ ಫೋನ್ ಮಾಡುವುದು ತಪ್ಪಲ್ಲ, ಕೆಲಸ ಬೇಗ ಆಗುವುದು ಅವನಿಂದಲೇ. ಆದರೆ ಕಂಪನಿಯ ಪುಸ್ತಕದಲ್ಲಿ ದೂರು ಇಲ್ಲದಿದ್ದರೆ ನೆಟ್ ಇಲ್ಲದ ದಿನಗಳ ಎಣಿಕೆಯೇ ಶುರುವಾಗುವುದಿಲ್ಲ. ದುರಸ್ತಿ ತಡವಾದರೆ ಬಾಡಿಗೆಯಲ್ಲಿ ವಿನಾಯಿತಿ ಕೊಡಬೇಕೆಂಬ ಮಾತು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2006ರಲ್ಲಿ ಮಾಡಿದ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮಗಳಲ್ಲೇ ಇತ್ತು. ಮೂರು ಕೆಲಸದ ದಿನ ಮೀರಿದರೆ ಏಳು ದಿನದ ಬಾಡಿಗೆ, ಏಳು ಮೀರಿದರೆ ಹದಿನೈದು ದಿನದ್ದು, ಹದಿನೈದು ಮೀರಿದರೆ ಒಂದು ತಿಂಗಳದ್ದು ಎಂಬ ಕ್ರಮ ಅದರಲ್ಲಿತ್ತು. 2024ರ ಅಕ್ಟೋಬರ್ 1ರಿಂದ ಹೊಸ ಗುಣಮಟ್ಟದ ನಿಯಮಗಳು ಜಾರಿಗೆ ಬಂದಿವೆ, ಈಗಿನ ಕ್ರಮ ಏನೆಂದು ಕಂಪನಿಯನ್ನೇ ಕೇಳಿ ತಿಳಿದುಕೊಳ್ಳಿ. ವಿನಾಯಿತಿ ಬಿಲ್ಲಿನಲ್ಲಿ ತಾನಾಗಿ ಬರುತ್ತದೆ ಎಂದು ಕಾಯದೆ, ದೂರಿನ ಸಂಖ್ಯೆ ಮತ್ತು ನೆಟ್ ಮರಳಿ ಬಂದ ದಿನಾಂಕ ಬರೆದು ಲಿಖಿತವಾಗಿ ಕೇಳಿ. ಈ ಸಲದ 17 ದಿನಗಳಿಗೆ ಯಾವುದಾದರೂ ಎಸ್‌ಎಂಎಸ್ ತಂದೆಯವರ ಫೋನಿನಲ್ಲಿ ಉಳಿದಿದೆಯೇ ಎಂದು ಹುಡುಕಿಸಿ; ಸಿಕ್ಕರೆ ಈಗಲೂ ಪ್ರಯತ್ನಿಸಬಹುದು.

ಆ 1,200 ರೂಪಾಯಿಯ ಬಗ್ಗೆ ತೀರ್ಮಾನ ಕೊಡುವ ಮೊದಲು ಕೆಲಸದ ಸ್ವರೂಪವನ್ನು ಸ್ವಲ್ಪ ಹೇಳಬೇಕು. ತಾಮ್ರದ ತಂತಿಯ ಕಾಲದಲ್ಲಿ ನಾನು ಇದೇ ಜಿಲ್ಲೆಯ ಲೈನುಗಳ ಮೇಲೆ ಕೆಲಸ ಮಾಡಿದವನು. ಮರ ಬಿದ್ದು ತಂತಿ ಹರಿದರೆ ಲೈನ್‌ಮನ್ ಎರಡು ತುದಿಯನ್ನು ಸುಲಿದು, ಹೊಸೆದು, ಟೇಪು ಸುತ್ತಿ ಅಲ್ಲಿಂದಲೇ ಮಾತಾಡಿ ನೋಡುತ್ತಿದ್ದ. ಫೈಬರ್ ಹಾಗಲ್ಲ. ಆ ಕರಿಯ ಕೇಬಲಿನೊಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ ಇರುತ್ತದೆ. ಅದರ ತುದಿಯನ್ನು ನೇರವಾಗಿ ಕತ್ತರಿಸಿ, ಒರೆಸಿ, ಯಂತ್ರದಲ್ಲಿಟ್ಟು ಬೆಸೆಯಬೇಕು. ಅಂಥ ಒಂದು ಯಂತ್ರವನ್ನು ಬೆನ್ನಿಗೆ ಹಾಕಿಕೊಂಡು ಒಬ್ಬ ಹುಡುಗ ಹತ್ತಾರು ಹಳ್ಳಿ ಸುತ್ತುತ್ತಾನೆ, ಹನಿ ಬೀಳುವಾಗ ಆ ಕೆಲಸ ಮಾಡಲು ಬರುವುದಿಲ್ಲ. ನಮ್ಮ ಕಡೆಯ ಮನೆಗಳೋ ಒಂದಕ್ಕೊಂದು ದೂರ, ರಸ್ತೆಯಿಂದ ಇಳಿದು ಗದ್ದೆ ದಾಟಿ ಅಡಿಕೆ ತೋಟದ ತಲೆಗೆ ಒಂಟಿಯಾಗಿ ನಿಂತಿರುತ್ತವೆ. ಕಂಬದಿಂದ ಮನೆಗೆ ಎಳೆಯುವ ಕೊನೆಯ ಕೇಬಲ್ ಮರದಿಂದ ಮರಕ್ಕೆ ಹಾಯ್ದು ಬರುತ್ತದೆ. ಅದರ ಮೇಲೆ ಮಂಗಗಳು ಜೋತಾಡುತ್ತವೆ, ಗಾಳಿಗೆ ಕೊಂಬೆ ಬೀಳುತ್ತದೆ, ರಸ್ತೆ ಅಗಲ ಮಾಡುವ ಜೆಸಿಬಿ ತಾಗುತ್ತದೆ.

ಹೀಗಿರುವಾಗ ಹುಡುಗ ಹಣ ಕೇಳಿದ್ದನ್ನೇ ಮೋಸ ಎನ್ನಲಾರೆ. ಹಳ್ಳಿಗಳ ಫೈಬರ್ ಕೆಲಸವನ್ನು ಕಂಪನಿಗಳು ಸ್ಥಳೀಯ ಪಾಲುದಾರರ ಮೂಲಕ ಮಾಡಿಸುವುದು ಈಗ ಸಾಮಾನ್ಯವಾಗಿದೆ, ಬಾಡಿಗೆಯಲ್ಲಿ ಆ ಪಾಲುದಾರರಿಗೆ ಒಂದು ಪಾಲು ಸಲ್ಲುತ್ತದೆ. ಕೇಬಲ್ ತನ್ನಷ್ಟಕ್ಕೆ ಹಾಳಾದರೆ ಜೋಡಿಸಿಕೊಡುವುದು ಸೇವೆಯೊಳಗೇ ಸೇರಿದ ಕೆಲಸ, ಅದಕ್ಕಾಗಿ ಮನೆಯವರಿಂದ ಬೇರೆ ಹಣ ಕೇಳುವುದು ನ್ಯಾಯವಲ್ಲ. ಮನೆಯವರೇ ಕೊಂಬೆ ಕಡಿಸುವಾಗ ಕೇಬಲ್ ತುಂಡಾಗಿದ್ದರೆ, ಅಥವಾ ಜಾಗ ಬದಲಿಸಿ ಹೊಸ ಕೇಬಲ್ ಎಳೆಸಿದ್ದರೆ, ಸಾಮಾನು ಮತ್ತು ಕೂಲಿಯ ಹಣ ಕೊಡುವುದು ರೂಢಿ. ಎರಡರಲ್ಲಿ ಯಾವುದಾಯಿತು ಎಂಬುದು ರಸೀದಿಯಿಲ್ಲದೆ ನಿಮಗೆ ತಿಳಿಯುವುದಿಲ್ಲ. ಅವನು ತಂದ ಕೇಬಲ್ ಎಷ್ಟು ಮೀಟರ್, ಮೀಟರಿಗೆ ಎಷ್ಟು, ಕೂಲಿ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆಸಿಕೊಳ್ಳುವಂತೆ ತಂದೆಯವರಿಗೆ ಹೇಳಿ, ಹಣವನ್ನು ಕೈಯಲ್ಲಿ ಕೊಡದೆ ಯುಪಿಐ ಮೂಲಕ ಕೊಡಿಸಿ. ತಿಂಗಳ ಬಿಲ್ಲಿನ ಹಣವನ್ನಂತೂ ಯಾರ ಕೈಗೂ ಕೊಡಬೇಡಿ, ಕಂಪನಿಯ ಖಾತೆಗೇ ನೇರವಾಗಿ ಕಟ್ಟಿ. ನನಗೆ ಪರಿಚಯದ ಒಂದು ಮನೆಯಲ್ಲಿ ಮೂರು ತಿಂಗಳ ಹಣ ಕೈಯಲ್ಲಿ ಕೊಟ್ಟಿದ್ದರೂ ಅದು ಕಂಪನಿಗೆ ತಲುಪದೆ, ಬಾಕಿ ಎಂದು ಸಂಪರ್ಕವನ್ನೇ ಕಡಿದಿದ್ದರು. ಪಾನ್ ದೀಪ ಹಸಿರಾಗಿಯೇ ಇತ್ತು, ಮನೆಯವರು ಎರಡು ವಾರ ಲೈನ್ ಕೆಟ್ಟಿದೆ ಎಂದುಕೊಂಡಿದ್ದರು.

ಹೆಚ್ಚು ವೇಗದ ಪ್ಲಾನ್ ತೆಗೆದುಕೊಂಡರೆ ಇಂಥ ತೊಂದರೆ ಕಡಿಮೆಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತುಂಡಾದ ಕೇಬಲಿನಲ್ಲಿ 30 ಎಂಬಿಪಿಎಸ್ ಹೇಗೋ 200 ಎಂಬಿಪಿಎಸ್ಸೂ ಹಾಗೆಯೇ. ಇಬ್ಬರು ಹಿರಿಯರು ನಿಮ್ಮೊಡನೆ ವಿಡಿಯೋ ಕರೆಯಲ್ಲಿ ಮಾತಾಡಿ, ಟಿವಿಯಲ್ಲಿ ಯಕ್ಷಗಾನ ನೋಡಲು 30 ಎಂಬಿಪಿಎಸ್ ಧಾರಾಳ ಸಾಕು. ಅನಿಯಮಿತ ಎಂದು ಮಾರುವ ಬಹಳಷ್ಟು ಪ್ಲಾನುಗಳಲ್ಲಿ ತಿಂಗಳಿಗೆ 3,300 ಜಿಬಿ ದಾಟಿದ ಮೇಲೆ ವೇಗ ಇಳಿಸುತ್ತಾರೆ ಎಂಬ ಷರತ್ತಿದೆ. ದಿನಕ್ಕೆ 110 ಜಿಬಿ ಬಳಸಿದರೆ ಮಾತ್ರ ಆ ಗಡಿ ಮುಟ್ಟುವುದರಿಂದ ಅದರ ಚಿಂತೆ ನಿಮಗೆ ಬೇಡ. ಓಟಿಟಿ ಸೇರಿಸಿದ ಪ್ಲಾನನ್ನು ಮಾತ್ರ ಯೋಚಿಸಿ ಆರಿಸಿ. ಅವರು ನೋಡದ ಚಂದಾಗಳಿಗೆ ಪ್ರತಿ ತಿಂಗಳು ಬಾಡಿಗೆ ಕೊಡುವುದಲ್ಲದೆ ಅದರ ಮೇಲೆ ಶೇಕಡ 18 ತೆರಿಗೆಯನ್ನೂ ಕೊಡಬೇಕಾಗುತ್ತದೆ.

ಇಂಗ್ಲೆಂಡಿನಿಂದ ಹಣ ಕಟ್ಟುವ ದಾರಿಯನ್ನು ಸರಿಪಡಿಸಿಕೊಳ್ಳುವುದೂ ಇದೇ ಲೆಕ್ಕಕ್ಕೆ ಸೇರಿದೆ. ಅಲ್ಲಿನ ಕಾರ್ಡಿನಿಂದ 588 ರೂಪಾಯಿ ಕಟ್ಟಿದರೆ ನಿಮ್ಮ ಬ್ಯಾಂಕು ವಿದೇಶಿ ವಹಿವಾಟಿನ ಶುಲ್ಕ ಹಾಕಬಹುದು, ಪಾವತಿಯ ಪುಟದಲ್ಲಿ “ಪೌಂಡಿನಲ್ಲೇ ಕಟ್ಟುವಿರಾ” ಎಂದು ಕೇಳಿದರೆ ಬೇಡವೆಂದು ರೂಪಾಯಿಯನ್ನೇ ಆರಿಸಬೇಕು, ಇಲ್ಲದಿದ್ದರೆ ವಿನಿಮಯದ ದರದಲ್ಲಿ ಇನ್ನಷ್ಟು ಹೋಗುತ್ತದೆ. ಇದಕ್ಕಿಂತ ಒಳ್ಳೆಯದು ಇಲ್ಲಿಯ ಖಾತೆ. ಹೊರದೇಶದಲ್ಲಿ ನೆಲೆಸಿದವರು ತಮ್ಮ ಹಳೆಯ ಉಳಿತಾಯ ಖಾತೆಯನ್ನು ಅನಿವಾಸಿ ಭಾರತೀಯರಿಗೆಂದೇ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು ಎಂಬುದು ಕಾನೂನು. ನೀವು ಮಾಡಿಸಿರದಿದ್ದರೆ ಮೊದಲು ಅದನ್ನು ಮಾಡಿಸಿ. 2023ರ ಜನವರಿಯಲ್ಲಿ ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಹತ್ತು ದೇಶಗಳ ಮೊಬೈಲ್ ಸಂಖ್ಯೆಗಳನ್ನು ಎನ್‌ಆರ್‌ಇ, ಎನ್‌ಆರ್‌ಒ ಎಂಬ ಅನಿವಾಸಿ ಖಾತೆಗಳ ಯುಪಿಐಗೆ ಜೋಡಿಸಲು ಅನುಮತಿ ಕೊಟ್ಟಿತು, ಆ ಪಟ್ಟಿಯಲ್ಲಿ ಬ್ರಿಟನ್ ಇದೆ. ನಿಮ್ಮ ಬ್ಯಾಂಕು ಈ ಸೌಲಭ್ಯ ಕೊಡುತ್ತಿದ್ದರೆ ನಿಮ್ಮ ಅಲ್ಲಿನ ಸಂಖ್ಯೆಯಿಂದಲೇ ಊರಿನ ಬಿಲ್ಲು ಕಟ್ಟಬಹುದು. ಭಾರತದ ಕಾರ್ಡಿನ ಮೇಲೆ ತಾನಾಗಿ ಕಡಿತವಾಗುವ ಏರ್ಪಾಡು ಮಾಡಿದರೂ ಆದೀತು. 15,000 ರೂಪಾಯಿಯವರೆಗೆ ಪ್ರತಿ ಸಲ ಒಟಿಪಿ ಬೇಕಿಲ್ಲ, ಕಡಿತಕ್ಕೆ 24 ಗಂಟೆ ಮೊದಲು ಬ್ಯಾಂಕು ಸೂಚನೆ ಕಳಿಸಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಆ ಸೂಚನೆಯಲ್ಲಿ 588 ರೂಪಾಯಿ 82 ಪೈಸೆಯ ಬದಲು ಬೇರೆ ಮೊತ್ತ ಕಂಡರೆ ಅಂದೇ ವಿಚಾರಿಸಿ.

ಸಂಪರ್ಕ ತಂದೆಯವರ ಹೆಸರಿನಲ್ಲೇ ಇರಲಿ, ಅವರ ಸಂಖ್ಯೆಗೆ ದೂರಿನ ಎಸ್‌ಎಂಎಸ್ ಬರಲಿ, ಆದರೆ ಬಿಲ್ಲಿನ ಇಮೇಲ್ ವಿಳಾಸ ನಿಮ್ಮದಾಗಿರಲಿ. ನಿಮ್ಮ ಹೆಸರಿಗೆ ಮಾಡಿಸಿದರೆ ಮುಂದೆ ಸಂಪರ್ಕ ತೆಗೆಸುವಾಗ, ಠೇವಣಿ ವಾಪಸು ಕೇಳುವಾಗ, ಗುರುತಿನ ಚೀಟಿಗಾಗಿ ನೀವೇ ಬರಬೇಕಾದೀತು. ವಿನಾಯಿತಿಯ ಬೇಡಿಕೆಗೆ ಕಂಪನಿ ಉತ್ತರ ಕೊಡದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ಶುಲ್ಕವಿಲ್ಲ. 39 ದಿನದಲ್ಲಿ ತೀರ್ಮಾನ ಕೊಡಬೇಕೆಂದು 2012ರ ನಿಯಮ ಹೇಳುತ್ತದೆ. ಅನೇಕರು ನೇರವಾಗಿ ಟ್ರಾಯ್‌ಗೆ ಬರೆದು ಕಾಯುತ್ತಾರೆ, ಆದರೆ ಅದು ಒಬ್ಬೊಬ್ಬರ ದೂರುಗಳನ್ನು ವಿಚಾರಿಸುವ ಸಂಸ್ಥೆಯಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ದೂರಸಂಪರ್ಕದ ವ್ಯಾಜ್ಯಗಳನ್ನು ಗ್ರಾಹಕ ವೇದಿಕೆಗಳು ವಿಚಾರಿಸಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿರುವುದರಿಂದ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ, 5 ಲಕ್ಷ ರೂಪಾಯಿಯವರೆಗಿನ ವಿಷಯಕ್ಕೆ ಅಲ್ಲಿ ಶುಲ್ಕವಿಲ್ಲ. ಆದರೆ ಒಂದು ತಿಂಗಳ ಬಾಡಿಗೆಗಾಗಿ ತಂದೆಯವರನ್ನು ಮಳೆಯಲ್ಲಿ ಶಿವಮೊಗ್ಗಕ್ಕೆ ಓಡಾಡಿಸುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಮೇಲ್ಮನವಿಯಲ್ಲೇ ಮುಗಿಸಲು ನೋಡಿ.

ನಿಮ್ಮ ಇಂಗ್ಲೆಂಡಿನ ಬಿಲ್ಲಿನ ಉತ್ತರ ಕರಾರಿನ ದಿನಾಂಕದಲ್ಲಿದೆ. ಅಲ್ಲಿ ಕರಾರಿನ ನಡುವೆ ಬೆಲೆ ಏರಿಸುವುದು ಬಹಳ ಕಾಲದಿಂದ ನಡೆದಿದೆ. ಕೆಲವು ಕಂಪನಿಗಳು ಹಣದುಬ್ಬರದ ದರಕ್ಕೆ ಶೇಕಡ 3.9 ಕೂಡಿಸಿ ಪ್ರತಿ ವಸಂತದಲ್ಲಿ ಏರಿಸುತ್ತಿದ್ದವು. ಹಣದುಬ್ಬರ ಎಷ್ಟಾಗುತ್ತದೆಂದು ಗ್ರಾಹಕರಿಗೆ ಮೊದಲೇ ಗೊತ್ತಾಗುವುದು ಹೇಗೆ? ಅಲ್ಲಿನ ನಿಯಂತ್ರಕ ಸಂಸ್ಥೆಯಾದ ಆಫ್‌ಕಾಮ್ ಇದನ್ನು ಒಪ್ಪದೆ, 2025ರ ಜನವರಿ 17ರಿಂದ ಮಾಡುವ ಹೊಸ ಕರಾರುಗಳಲ್ಲಿ ಏರಿಕೆ ಇದ್ದರೆ ಅದು ಎಷ್ಟು ಪೌಂಡ್, ಎಷ್ಟು ಪೆನ್ಸ್, ಯಾವಾಗಿನಿಂದ ಎಂಬುದನ್ನು ಸಹಿಗೆ ಮೊದಲೇ ಹೇಳಬೇಕೆಂದು ವಿಧಿಸಿತು. ನಿಮ್ಮ ಕರಾರು ಆ ದಿನದ ನಂತರದ್ದಾಗಿದ್ದು 3 ಪೌಂಡ್ ಎಂದು ಅದರಲ್ಲಿ ಬರೆದಿದ್ದರೆ ಏರಿಕೆ ಸರಿ. ಬರೆದಿರದಿದ್ದರೆ ಪ್ರಶ್ನಿಸಿ. ಕರಾರಿನ ಅವಧಿ ಮುಗಿಯುವ ಮೊದಲು ಕಂಪನಿ ನಿಮಗೆ ತಿಳಿಸಬೇಕೆಂಬ ನಿಯಮವೂ 2020ರ ಫೆಬ್ರವರಿಯಿಂದ ಇದೆ. ಆ ಪತ್ರ ಬಂದಾಗ ಬದಿಗಿಡದೆ ಬೇರೆ ಕಂಪನಿಗಳ ದರ ನೋಡಿ, ಸುಮ್ಮನಿದ್ದವರಿಗೆ ಅಲ್ಲಿ ದರ ಏರುತ್ತದೆ. ಇನ್ನೊಂದು ಮಾತು: ಅಲ್ಲಿ ಸಂಪರ್ಕ ಕೆಟ್ಟು ಎರಡು ಪೂರ್ತಿ ಕೆಲಸದ ದಿನಗಳಲ್ಲಿ ಸರಿಯಾಗದಿದ್ದರೆ, ಯೋಜನೆಗೆ ಒಪ್ಪಿದ ಕಂಪನಿಗಳು ದಿನಕ್ಕೆ ಇಂತಿಷ್ಟು ಎಂದು ಪರಿಹಾರವನ್ನು ತಾವಾಗಿ ಬಿಲ್ಲಿಗೆ ಜಮಾ ಮಾಡುತ್ತವೆ. ಈ ಪದ್ಧತಿ 2019ರ ಏಪ್ರಿಲ್‌ನಲ್ಲಿ ಶುರುವಾಯಿತು. ನಮ್ಮ ಹಳ್ಳಿಗಳಲ್ಲೂ ಗ್ರಾಹಕ ಕೇಳದೆಯೇ ಹಣ ಜಮಾ ಆಗುವ ದಿನ ಬರಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಪ್ರಶ್ನೆ: ಸಾಗರದವಳಾದ ನಾನು ಪತಿಯ ಕೆಲಸದ ಕಾರಣ ಜರ್ಮನಿಯಲ್ಲಿದ್ದೇನೆ. 24 ತಿಂಗಳ ಇಂಟರ್‌ನೆಟ್ ಕರಾರಿನಲ್ಲಿ 14 ತಿಂಗಳು ಕಳೆದಿದೆ, ಈಗ ಊರಿಗೆ ಮರಳುತ್ತಿದ್ದೇವೆ. ಉಳಿದ ಹತ್ತು ತಿಂಗಳ ಹಣ ಕಟ್ಟಲೇಬೇಕೆ?

ಉತ್ತರ: 2021ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ಜರ್ಮನಿಯ ದೂರಸಂಪರ್ಕ ಕಾನೂನಿನ ಪ್ರಕಾರ, ಮನೆ ಬದಲಿಸಿದ ಗ್ರಾಹಕರಿಗೆ ಹೊಸ ವಿಳಾಸದಲ್ಲಿ ಅದೇ ಸೇವೆಯನ್ನು ಕಂಪನಿ ಕೊಡಲಾರದಿದ್ದರೆ, ಒಂದು ತಿಂಗಳ ಮುನ್ಸೂಚನೆ ಕೊಟ್ಟು ಕರಾರು ಮುಗಿಸುವ ಹಕ್ಕಿದೆ. ಈ ಹಕ್ಕನ್ನು ಹೆಸರಿಸಿ ಲಿಖಿತವಾಗಿ ಬರೆಯಿರಿ, ಊರು ಬಿಡುವುದಕ್ಕೆ ಒಂದು ತಿಂಗಳಿಗೂ ಮೊದಲೇ ಬರೆಯಿರಿ. ನಗರದ ಕಚೇರಿಯಲ್ಲಿ ವಿಳಾಸ ರದ್ದು ಮಾಡಿಸಿದಾಗ ಕೊಡುವ ಅಬ್‌ಮೆಲ್ಡುಂಗ್ ಪತ್ರದ ಪ್ರತಿಯನ್ನು ಜೊತೆಗಿಡಿ, ದೇಶ ಬಿಟ್ಟಿದ್ದೀರಿ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ರೂಟರ್ ಕಂಪನಿಯದಾಗಿದ್ದರೆ ಅಂಚೆಯಲ್ಲಿ ವಾಪಸು ಕಳಿಸಿ ರಸೀದಿಯನ್ನು ಊರಿಗೆ ತೆಗೆದುಕೊಂಡು ಬನ್ನಿ. ಮರಳಿಸಿಲ್ಲ ಎಂದು ಉಪಕರಣದ ಬೆಲೆ ಕೇಳಿದರೆ ಸಾಗರದಲ್ಲಿ ಕುಳಿತು ಉತ್ತರ ಕೊಡಲು ಆ ಚೀಟಿ ಬೇಕಾಗುತ್ತದೆ. ಕೊನೆಯ ಬಿಲ್ಲು ತೀರುವವರೆಗೆ ಅಲ್ಲಿನ ಬ್ಯಾಂಕ್ ಖಾತೆಯನ್ನು ಮುಚ್ಚಬೇಡಿ.

ಪ್ರಶ್ನೆ: ನಾನು ಹೊಸನಗರದ ನಿವೃತ್ತ ಶಿಕ್ಷಕಿ. ಐದು ತಿಂಗಳ ಮಟ್ಟಿಗೆ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇನೆ. 399 ರೂಪಾಯಿಯ ಫೈಬರ್ ಪ್ಲಾನ್ ಇದೆ. ಸ್ವಿಚ್ ಆರಿಸಿ ಹೋದರೆ ಸಾಕೆ?

ಉತ್ತರ: ಸಾಲದು, ಟೀಚರ್. ಸ್ವಿಚ್ ಆರಿಸಿದರೆ ಕರೆಂಟು ಉಳಿಯುತ್ತದೆ, ಬಾಡಿಗೆ ಓಡುತ್ತಲೇ ಇರುತ್ತದೆ. ತೆರಿಗೆ ಸೇರಿ ತಿಂಗಳಿಗೆ 470 ರೂಪಾಯಿ 82 ಪೈಸೆಯಂತೆ ಐದು ತಿಂಗಳಿಗೆ 2,354 ರೂಪಾಯಿ 10 ಪೈಸೆ ಆಗುತ್ತದೆ. ನಿಮ್ಮದು ಮುಂಗಡ ಕಟ್ಟುವ ಪ್ಲಾನ್ ಆಗಿದ್ದರೆ ಅವಧಿ ಮುಗಿದ ಮೇಲೆ ತಾನಾಗಿ ನಿಲ್ಲುತ್ತದೆ, ಮರಳಿ ಬಂದು ಕಟ್ಟಿದರಾಯಿತು. ತಿಂಗಳ ಕೊನೆಗೆ ಬಿಲ್ಲು ಬರುವ ಪ್ಲಾನ್ ಆಗಿದ್ದರೆ ಕಂಪನಿಯ ಕಚೇರಿಗೆ ಹೋಗಿ, ಲ್ಯಾಂಡ್‌ಲೈನ್ ಕಾಲದಿಂದಲೂ “ಸೇಫ್ ಕಸ್ಟಡಿ” ಎಂದು ಕರೆಯುವ ತಾತ್ಕಾಲಿಕ ತಡೆಯ ಸೌಲಭ್ಯಕ್ಕೆ ಅರ್ಜಿ ಕೊಡಿ, ಎಷ್ಟು ದಿನದವರೆಗೆ, ಎಷ್ಟು ಶುಲ್ಕ ಎಂಬುದನ್ನು ಬರೆಸಿಕೊಳ್ಳಿ. ಪೂರ್ತಿ ತೆಗೆಸಿ ಬಂದ ಮೇಲೆ ಹೊಸದಾಗಿ ಹಾಕಿಸುವ ಯೋಚನೆ ಇದ್ದರೆ, ಮತ್ತೆ ಕೇಬಲ್ ಎಳೆಸುವ ಖರ್ಚನ್ನು ಈ 2,354 ರೂಪಾಯಿಯ ಪಕ್ಕದಲ್ಲಿಟ್ಟು ನೋಡಿ. ರಸ್ತೆಯಿಂದ ದೂರದ ಮನೆಯಾದರೆ ಸಂಪರ್ಕವನ್ನು ಉಳಿಸಿಕೊಳ್ಳುವುದೇ ಅಗ್ಗವಾದೀತು.

ಹೊರಡುವ ದಿನ ಪೆಟ್ಟಿಗೆಯ ಅಡಾಪ್ಟರನ್ನು ಪ್ಲಗ್ಗಿನಿಂದ ಕಳಚಿಡಿ. ಗಾಜಿನ ಎಳೆಯಲ್ಲಿ ಸಿಡಿಲಿನ ವಿದ್ಯುತ್ತು ಹರಿಯುವುದಿಲ್ಲ, ಮಲೆನಾಡಿನಲ್ಲಿ ಈ ಪೆಟ್ಟಿಗೆಗಳು ಸುಡುವುದು ಹೆಚ್ಚಾಗಿ ಗೋಡೆಯ ಕರೆಂಟಿನ ದಾರಿಯಿಂದ. ತೆಳ್ಳಗಿನ ಹಳದಿ ಅಥವಾ ಬಿಳಿ ಫೈಬರ್ ವೈರನ್ನು ಮಾತ್ರ ಕೀಳಬೇಡಿ, ಅದರ ತುದಿಗೆ ಧೂಳು ಕೂತರೆ ಬಂದ ಮೇಲೆ ಕೆಂಪು ದೀಪ ಕಾಣಿಸಿಕೊಳ್ಳುತ್ತದೆ. ಕೊನೆಯದಾಗಿ ನಿಮ್ಮ ಮೊಬೈಲ್ ಸಂಖ್ಯೆ: ಬಿಲ್ಲಿನ ಮತ್ತು ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಪ್ರೀಪೇಯ್ಡ್ ಸಿಮ್ಮನ್ನು 90 ದಿನ ಬಳಸದೆ ಬಿಟ್ಟರೆ ಕಂಪನಿ ರದ್ದು ಮಾಡಬಹುದು, ನಿಮ್ಮ ಪ್ರವಾಸ ಐದು ತಿಂಗಳದ್ದು. ಸಿಮ್ಮನ್ನು ಜೊತೆಗೆ ಕೊಂಡೊಯ್ಯಿರಿ, ರೀಚಾರ್ಜಿನ ಅವಧಿ ಮುಗಿಯದಂತೆ ನೋಡಿಕೊಳ್ಳಿ, ಹೊರಡುವ ಮೊದಲೇ ಅಂಗಡಿಯಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯ ಚಾಲೂ ಮಾಡಿಸಿ, ಅಲ್ಲಿ ಇಳಿದ ಕೂಡಲೇ ಆ ಸಿಮ್ಮಿನ ಡೇಟಾವನ್ನು ಮಾತ್ರ ಬಂದ್ ಮಾಡಿಡಿ.